ಅದಕ್ಕೆ ಯಾರೂ ಹೇಳಿರಲಿಲ್ಲ

ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಜೋರಾಗಿ ಚುಚ್ಚಿದ್ದೂ ಅಲ್ಲ. ತಗಡು ಕೆಲಸದ ಚಾಚಾ ಕಾರಿನಡಿ ಅಂಗಾತ ಮಲಗಿ, ಬಲ ಹಿಂಬದಿಯ ಕಮಾನ್ ಪಟ್ಟಿಯ (ಲೀಫ್ ಸ್ಪ್ರಿಂಗ್) ಮುಂದಿನ ತುದಿ ಬಾಡಿಗೆ ಸೇರುವ ಜಾಗದಲ್ಲಿ ಮೊನೆಯಿಟ್ಟು ಸುಮ್ಮನೆ ಒತ್ತಿದ್ದರು. ಮೊದಲು ಕಪ್ಪು ಬಣ್ಣದ ಹಕ್ಕಳೆ, ಅದರ ಬೆನ್ನಿಗೆ ತೂತು ಮುಚ್ಚಲು ಮೆತ್ತುವ ಪುಟ್ಟಿ, ಆಮೇಲೆ ಕೆಂಪು ಪುಡಿ ಅವರ ಎದೆಯ ಮೇಲೆ ಸುರಿಯಿತು.

“ಕಬ್ಬಿಣ ಹೋಗಿ ಬಹಳ ಕಾಲವಾಗಿದೆ ಸಾರ್. ಇಲ್ಲಿ ನಿಂತಿರುವುದು ಬಣ್ಣ” ಎಂದರು.

“ಹಾಗಾದರೆ ಇಷ್ಟು ದಿನ ಹೇಗೆ ಓಡಿತು?”

“ಅದಕ್ಕೆ ಯಾರೂ ಹೇಳಿರಲಿಲ್ಲ.”

ತಮಾಷೆಗೆಂದು ಹೇಳಿದಂತಿರಲಿಲ್ಲ. ಮುಖ ಒರೆಸಿಕೊಂಡು ಹುಡುಗನ ಹತ್ತಿರ ಟಾರ್ಚ್ ಕೇಳಿದರು. ಆ ಮಾತು ಮಾತ್ರ ಈ ವಾರವಿಡೀ ನನ್ನ ತಲೆಯಲ್ಲಿ ಓಡಾಡುತ್ತಿದೆ. ಊಟಕ್ಕೆ ಕುಳಿತರೂ ಅದೇ, ಯಾರದೋ ಮನೆಯ ಛಾವಣಿ ನೋಡಿದರೂ ಅದೇ.

ಗಾಡಿ 1984ರ ಪ್ರೀಮಿಯರ್ ಪದ್ಮಿನಿ. ಸರ್ಕಾರದ ಲೆಕ್ಕದಲ್ಲಿ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ದಾಟಿರಬೇಕು. ನಮ್ಮದು ಇನ್ನೂ ಆ ಗೌರವಕ್ಕೆ ಎಳೆಯದು. ಹಾಗಾಗಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ತಪಾಸಣೆ. ದೀಪ ಉರಿಯುತ್ತದೆಯೇ, ಹಾರ್ನ್ ಕೂಗುತ್ತದೆಯೇ, ಹೊಗೆ ಎಷ್ಟು, ಅಷ್ಟೇ. ಕಾರಿನಡಿ ಮಲಗಿ ಸ್ಕ್ರೂಡ್ರೈವರ್ ಒತ್ತಿ ನೋಡಿದವರನ್ನು ನಾನಂತೂ ಕಂಡಿಲ್ಲ. ನನ್ನ ಭಾವಮೈದುನ ಮಾತ್ರ ಪ್ರತಿ ಹಬ್ಬಕ್ಕೂ ಬಂದು, ಇದನ್ನು ಗುಜರಿಗೆ ಹಾಕಿ ಎಂದು ಉಪದೇಶ ಮಾಡಿ ಹೋಗುತ್ತಾನೆ. ಅವನ ಮಾತು ಒಮ್ಮೊಮ್ಮೆ ಸರಿಯಿರುತ್ತದೆ ಎಂಬುದೇ ಅವನಲ್ಲಿ ನನಗೆ ಸಹಿಸಲಾಗದ ಗುಣ.

ದೂರು ಏನಿತ್ತೆಂದರೆ, ಕ್ಲಚ್ ಬಿಟ್ಟೊಡನೆ ಹಿಂದಿನ ಸೀಟಿನಡಿ ‘ಟಕ್’ ಎನ್ನುವುದು, ಬ್ರೇಕ್ ಒತ್ತಿದರೆ ಇನ್ನೊಂದು ‘ಟಕ್’. ಸಿರುಗುಪ್ಪ ರಸ್ತೆಯಲ್ಲಿ ಸ್ಟಿಯರಿಂಗ್ ನೆಟ್ಟಗೆ ಹಿಡಿದರೂ ಗಾಡಿ ಸೊಟ್ಟಗೆ ಓಡಿದಂತೆ ಭಾಸವಾಗುತ್ತಿತ್ತು. ಒಬ್ಬ ಮೆಕ್ಯಾನಿಕ್ ಶಾಕ್ ಅಬ್ಸಾರ್ಬರ್ ಎಂದ. ಬದಲಾಯಿಸಿ ಹಣ ಪಡೆದ. ಇನ್ನೊಬ್ಬ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎಂದ. ಅವನೂ ಬದಲಾಯಿಸಿ ಹಣ ಪಡೆದ. ಕೊನೆಗೆ ಕೌಲ್ ಬಜಾರಿನ ಕಡೆ ಹಳೆಯ ಟಿಂಕರ್ ಒಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಅವರೇ ಈ ಚಾಚಾ.

ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ. ತಗಡನ್ನೇ ಮಡಚಿ, ಪೆಟ್ಟಿಗೆಯಾಗಿ ಬೆಸೆದು, ಅದಕ್ಕೇ ಎಲ್ಲವನ್ನೂ ತಗುಲಿಹಾಕಿದ್ದಾರೆ. ಹಿಂದಿನ ಆಕ್ಸೆಲ್ ಎರಡು ಕಮಾನ್ ಪಟ್ಟಿಗಳ ಮೇಲೆ ಕುಳಿತಿರುತ್ತದೆ. ಪಟ್ಟಿಯ ಹಿಂದಿನ ತುದಿಗೆ ಶ್ಯಾಕಲ್ ಎಂಬ ತೂಗುಕೊಂಡಿ ಇರುವುದರಿಂದ ಅದು ಆಚೀಚೆ ತೂಗಬಲ್ಲದು. ಮುಂದಿನ ತುದಿಗೆ ಆ ಸ್ವಾತಂತ್ರ್ಯವಿಲ್ಲ. ಚಕ್ರ ಆಕ್ಸೆಲನ್ನು ದೂಡುತ್ತದೆ, ಆಕ್ಸೆಲ್ ಪಟ್ಟಿಯನ್ನು ದೂಡುತ್ತದೆ, ಪಟ್ಟಿಯ ಮುಂದಿನ ಕಣ್ಣು ಅದನ್ನು ಬಾಡಿಗೆ ಕಚ್ಚಿಸಿರುವ ಹಿಡಿಕೆಯ ಮೂಲಕ ಇಡೀ ಕಾರನ್ನು ದೂಡುತ್ತದೆ. ಗಾಡಿ ಮುಂದೆ ಹೋಗುವುದೇ ಹೀಗೆ. ಅಂದರೆ ನನ್ನನ್ನು, ಹೆಂಡತಿಯನ್ನು, ಡಿಕ್ಕಿಯಲ್ಲಿದ್ದ ಸೋನಾ ಮಸೂರಿ ಚೀಲವನ್ನು ಬಳ್ಳಾರಿಯತ್ತ ನೂಕುತ್ತಿದ್ದ ಬಲದಲ್ಲಿ ಅರ್ಧಪಾಲು ಅಂಗೈಯಗಲದ ಪುಟ್ಟಿಯ ಮೂಲಕ ಹಾದು ಬರುತ್ತಿತ್ತು.

ಆ ಪುಟ್ಟಿ ಮೆತ್ತಿದವನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಯಾರೋ ಗೊತ್ತಿಲ್ಲ, ಹಿಂದಿನ ಮಾಲೀಕರ ಕಾಲದವನು. ಕೈಚಳಕ ಇದ್ದವನೇ, ತುಕ್ಕಿನ ಮೇಲೆ ತಗಡಿನ ತೇಪೆ, ತೇಪೆಯ ಮೇಲೆ ಪುಟ್ಟಿ, ಕೊನೆಗೆ ದಪ್ಪನೆಯ ಕಪ್ಪು ಲೇಪ. ಕೊಳ್ಳುವಾಗ ಬಗ್ಗಿ ನೋಡಿದವರೆಲ್ಲ ‘ಕೆಳಗೆ ಹೊಸದರಂತಿದೆ’ ಎಂದು ಮೆಚ್ಚಿದ್ದೇ ಈ ಲೇಪವನ್ನು. ಒಳಗೆ ನಡೆದದ್ದೇ ಬೇರೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಪದರ ಪದರವಾಗಿ ಉಬ್ಬಿ ಆ ಪೆಟ್ಟಿಗೆಯ ಟೊಳ್ಳನ್ನೆಲ್ಲ ಬಿಗಿಯಾಗಿ ತುಂಬಿಬಿಟ್ಟಿತ್ತು. ಇಷ್ಟು ದಿನ ಹಿಡಿಕೆ ಅಲ್ಲಾಡದಂತೆ ಕಚ್ಚಿಕೊಂಡಿದ್ದದ್ದು ಅದನ್ನು ತಿಂದ ರೋಗವೇ. ಚಾಚಾ ಹೇಳಿದ ಮಾತಿಗೆ ಇಷ್ಟು ಲೋಹವಿಜ್ಞಾನ ಹಿನ್ನೆಲೆಯಾಗಿರುವುದು ನನಗೆ ಹೊಳೆದದ್ದು ಆಮೇಲೆ.

ನಮ್ಮೂರಲ್ಲಿ ಏನೇ ಕೆಟ್ಟರೂ ಧೂಳನ್ನು ಬೈಯುವುದು ರೂಢಿ. ನಾನೂ ಬೈದೆ. ಚಾಚಾ ಒಪ್ಪಲಿಲ್ಲ. “ಒಣ ಧೂಳು ಏನು ಮಾಡುತ್ತದೆ? ಒದ್ದೆ ಧೂಳು ಮಾಡುತ್ತದೆ” ಎಂದರು. ಸರಿಯಾದ ಮಾತು. ಈ ಧೂಳಿಗೆ ಮೂಲವಾದ ಸಂಡೂರಿನ ಅದಿರು ಹೆಮಟೈಟ್. ಆಮ್ಲಜನಕದೊಂದಿಗೆ ಕೂಡಿ ಎಂದೋ ಕೆಂಪಾದ ಕಬ್ಬಿಣ ಅದು. ಆ ಪುಡಿ ಇನ್ನೇನು ತುಕ್ಕು ಹಿಡಿದೀತು? ಆದರೆ ಅದು ತಗಡಿನ ಪೆಟ್ಟಿಗೆಯ ನೀರಿಳಿಯುವ ತೂತುಗಳಲ್ಲಿ ಹೋಗಿ ಮೆತ್ತಿಕೊಳ್ಳುತ್ತದೆ. ಮಳೆ ನೀರೋ ತೊಳೆದ ನೀರೋ ಒಳಗೇ ನಿಲ್ಲುತ್ತದೆ. ಬಳ್ಳಾರಿಯ ಬಿಸಿಲು ಕಾರಿನ ಮೈಯನ್ನೆಲ್ಲ ಒಣಗಿಸಿದರೂ ಆ ಕೆಸರಿನವರೆಗೆ ಮುಟ್ಟುವುದಿಲ್ಲ. ದಿನವೂ ಪೈಪು ಹಿಡಿದು ಕಾರು ತೊಳೆಯುವ ಶಿಸ್ತಿನ ಜನ ಇದನ್ನು ಕೇಳಿಸಿಕೊಂಡರೆ ಒಳ್ಳೆಯದು, ಅವರು ಕೇಳಿಸಿಕೊಳ್ಳುವುದಿಲ್ಲ.

ಕೆಲಸ ನಿಧಾನದ್ದು. ಬ್ಯಾಟರಿ ಕಳಚಿದರು. ಹಿಂಬದಿಯಲ್ಲಿರುವ ಪೆಟ್ರೋಲ್ ಟ್ಯಾಂಕ್ ಇಳಿಸಿ ಶೆಡ್ಡಿನಿಂದಾಚೆ ಇಟ್ಟರು. ಕಾರನ್ನು ಆಕ್ಸೆಲಿನ ಮೇಲೆ ನಿಲ್ಲಿಸದೆ ಬಾಡಿಗೇ ಆಸರೆ ಕೊಟ್ಟು, ಆಮೇಲೆ ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಿದರು. ಬಾಗಿಲ ಸಂದು ಒಂದೇ ಸಮ ಇದ್ದರೆ ಬಾಡಿ ಜೋತಿಲ್ಲ ಎಂದರ್ಥವಂತೆ. ಹಿಡಿಕೆಯ ಬೋಲ್ಟಿನ ತೂತು ಎಲ್ಲಿರಬೇಕು ಎಂಬುದನ್ನು ಎಡಗಡೆಯಿಂದ ಅಳೆದು, ದಾರ ಕಟ್ಟಿ ಗುರುತು ಮಾಡಿಕೊಂಡರು. ನಂತರ ಕತ್ತರಿಸುವುದು. ಅಂಗೈಯಗಲ ಎಂದುಕೊಂಡದ್ದು ಮೊಣಕೈವರೆಗೆ ಬೆಳೆಯಿತು. “ಸಾಕಲ್ಲವೇ?” ಎಂದರೆ “ಹೊಳೆಯುವ ಕಬ್ಬಿಣ ಸಿಗಲಿ” ಎನ್ನುತ್ತಿದ್ದರು. ತುಕ್ಕಿಗೆ ಬೆಸುಗೆ ಹಿಡಿಯುವುದಿಲ್ಲ. ಹಿಡಿದಂತೆ ಕಾಣುತ್ತದೆ, ಪಕ್ಕದಲ್ಲೇ ಹರಿಯುತ್ತದೆ.

ಯಾರದೋ ಮದುವೆಯ ದಪ್ಪ ಆಮಂತ್ರಣ ಪತ್ರಿಕೆಯನ್ನು ಕತ್ತರಿಸಿ ಅಳತೆಯ ನಮೂನೆ ಮಾಡಿದರು. ಅದರಂತೆ 2 ಮಿಲಿಮೀಟರ್ ತಗಡು ಕತ್ತರಿಸಿ, ಬಡಿದು, ಮಡಚಿ ಕೂರಿಸಿದರು. ಬೆಸುಗೆಯನ್ನು ಒಂದೇ ಓಟಕ್ಕೆ ಎಳೆಯಲಿಲ್ಲ. ಬೆರಳಗಲ ಇಲ್ಲಿ, ಬೆರಳಗಲ ಅಲ್ಲಿ, ನಡುವೆ ಚಹಾ. ಒಂದೇ ಕಡೆ ಕಾಸಿದರೆ ತಗಡು ಸೊಟ್ಟಗಾಗಿ ಆಕ್ಸೆಲ್ ಓರೆಯಾಗುತ್ತದೆ. ಒಳಮೈಗೆ ಸತುವಿನ ಪ್ರೈಮರ್, ಹೊರಗೆ ರೆಡ್ ಆಕ್ಸೈಡ್. ಆ ಡಬ್ಬಿಯೊಳಗಿನ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ. ಅದಿರೂ ಅದೇ, ರೋಗವೂ ಅದೇ, ಮುಲಾಮೂ ಅದೇ. ಇಂಥ ಊರಲ್ಲಿ ತುಕ್ಕನ್ನು ದ್ವೇಷಿಸುವುದಾದರೂ ಹೇಗೆ?

ಪಟ್ಟಿಯ ಕಣ್ಣಿನೊಳಗೆ ಕೂರುವ ರಬ್ಬರ್ ಬುಷ್‌ನ ಬೋಲ್ಟನ್ನು ಕೊನೆಯವರೆಗೂ ಸಡಿಲವಾಗಿಯೇ ಇಟ್ಟಿದ್ದರು. ಗಾಡಿ ನೆಲಕ್ಕಿಳಿದು ತನ್ನ ಭಾರ ಚಕ್ರದ ಮೇಲೆ ಬಿಟ್ಟ ಮೇಲಷ್ಟೇ ಬಿಗಿದರು. ಮೇಲಿದ್ದಾಗಲೇ ಬಿಗಿದರೆ ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಕಪ್ಪು ಲೇಪ ಹೊಡೆಯಿರಿ, ಚೆಂದ ಕಾಣುತ್ತದೆ ಎಂದು ನಾನು ಹೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿಬಿಟ್ಟರು. “ಮುಂದೆ ಬರುವವನಿಗೆ ನನ್ನ ಬೆಸುಗೆ ಕಾಣಬೇಕು.”

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಉದ್ಗಾರ: ಇಷ್ಟು ವರ್ಷ ಗಟ್ಟಿಯಾಗಿತ್ತಲ್ಲ! 1953ರಿಂದ ನಿಂತಿದ್ದ ಅಣೆಕಟ್ಟು, 33 ಗೇಟುಗಳು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಭತ್ತದ ಗದ್ದೆಗಳೆಲ್ಲ ಉಸಿರು ಬಿಗಿಹಿಡಿದ ಆ ವಾರದಲ್ಲಿ, ಹರಿಯುವ ನೀರಿನಲ್ಲೇ ತಡೆಗೇಟಿನ ತುಂಡುಗಳನ್ನು ಇಳಿಸಿ ನಿಲ್ಲಿಸಿದವರ ಸಾಹಸವನ್ನು ಕೊಂಡಾಡಿದೆವು, ಕೊಂಡಾಡಬೇಕಾದದ್ದೇ. ಆದರೆ ನಿಂತಿರುವುದನ್ನೇ ಗಟ್ಟಿತನ ಎಂದು ಲೆಕ್ಕ ಹಿಡಿಯುವ ನಮ್ಮ ಅಭ್ಯಾಸದ ಬಗ್ಗೆ ಯಾರೂ ಹೆಚ್ಚು ಮಾತನಾಡಲಿಲ್ಲ. ಮೊನೆಯಿಟ್ಟು ಒತ್ತಿ ನೋಡುವವನನ್ನು ಅಪಶಕುನದವನು ಎನ್ನುತ್ತೇವೆ. ಮೆತ್ತಿ ಬಣ್ಣ ಬಳಿದವನಿಗೆ ಕೈತುಂಬ ಕೊಟ್ಟು ಕಳುಹಿಸುತ್ತೇವೆ. ಮನೆ, ಸಂಸ್ಥೆ, ಕೆಲವು ಮದುವೆಗಳು ಕೂಡ ಹೀಗೇ ನಡೆಯುತ್ತಿವೆ. ಒಳಗೆ ಉಬ್ಬಿದ್ದೇ ಆಧಾರ, ಹೊರಗಿನದು ಲೇಪ.

ಹಣ ಕೊಡುವಾಗ ಎಡಗಡೆಯ ಹಿಡಿಕೆಯನ್ನೂ ನೋಡಿಬಿಡಿ ಎಂದೆ. ಚಾಚಾ ಸ್ಕ್ರೂಡ್ರೈವರ್ ಎತ್ತಿಕೊಂಡು ನನ್ನ ಮುಖ ನೋಡಿದರು. “ಹೇಳಿಬಿಡಲೇ?” ಹೇಳಿ ಎಂದೆ. ಅರ್ಧ ಇಂಚು ಹೋಗಿ ನಿಂತಿತು. ಪೂರ್ತಿ ಹೋಗಿಲ್ಲ, ಆದರೆ ಹೋಗುತ್ತಿದೆ. ಮುಂದಿನ ವಾರ ತನ್ನಿ, ಅಲ್ಲಿಯವರೆಗೆ ಡಿಕ್ಕಿಯಲ್ಲಿ ಭಾರ ಹಾಕಬೇಡಿ, ಊರು ಬಿಟ್ಟು ಹೋಗಬೇಡಿ ಎಂದರು. ‘ಟಕ್’ ಶಬ್ದ ಈಗ ಇಲ್ಲ, ಗಾಡಿ ನೆಟ್ಟಗೆ ಓಡುತ್ತಿದೆ. ಭಾವಮೈದುನ ನಿನ್ನೆಯಿಂದ ಫೋನ್ ಮಾಡುತ್ತಿದ್ದಾನೆ. ಎಡಗಡೆಯೂ ಮುಗಿಯಲಿ, ಆಮೇಲೆ ಎತ್ತುತ್ತೇನೆ.