ಬೇಲಿಯ ಬುಡ ನೋಡಿ

ಜೋರು ಮಳೆ ಬಂದಾಗಲೆಲ್ಲ ಅನಿಸುತ್ತೆ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಸಣ್ಣ ಊರುಗಳಲ್ಲಿ ಜೌಗುನೆಲ, ಹೊಳೆಗಳನ್ನು ಕಾಯೋ ಕನ್ಸರ್ವೇಶನ್ ಕಮಿಷನ್ ಕೆಲಸವೆಲ್ಲ ಕೊನೆಗೆ, ಅಗೆದ ಮಣ್ಣು ನೀರಿಗೆ ಹರಿಯದಂತೆ ತಡೆಯೋ ಒಂದು ಬಟ್ಟೆಬೇಲಿಯ ಬುಡಕ್ಕೆ ಬಂದು ನಿಲ್ಲುತ್ತೆ ಅಂತ. 1957ರ ಕಾಯ್ದೆಯಿಂದ ಹುಟ್ಟಿದ ಸಮಿತಿ. 3ರಿಂದ 7 ಜನ, ಸಂಬಳವಿಲ್ಲ. ಜೌಗುನೆಲದ ಅಂಚಿನಿಂದ 100 ಅಡಿಯೊಳಗೆ ನೆಲ ಅಗೆಯೋದಿದ್ದರೆ ಇವರ ಮುಂದೆ ಹೋಗಬೇಕು. ಹೊಳೆಯಾದರೆ ಸಾಮಾನ್ಯವಾಗಿ 200 ಅಡಿ. ಆ ಅಂಚು ಎಲ್ಲಿದೆ ಅನ್ನೋದೇ ದೊಡ್ಡ ಜಗಳ. ಬೇಸಿಗೆಯಲ್ಲಿ ಒಣಗಿದಂತೆ ಕಾಣೋ ಜಾಗದಲ್ಲೂ ಆಗರ್ (ಮಣ್ಣು ಕೊರೆಯೋ ಕೈಸಲಕರಣೆ) ತಿರುಗಿಸಿ ಮಣ್ಣೆತ್ತಿದರೆ ಬೂದು ಬಣ್ಣ, ನಡುನಡುವೆ ತುಕ್ಕಿನ ಚುಕ್ಕೆ. ನೀರು ನಿಂತಿದ್ದರ ಗುರುತು ಅದು, ಅರ್ಜಿದಾರರು ಏನೇ ಹೇಳಲಿ.

ಅರ್ಜಿ ಬಂದ 21 ದಿನದೊಳಗೆ ವಿಚಾರಣೆ, ಅದು ಮುಗಿದ 21 ದಿನದೊಳಗೆ ಷರತ್ತುಗಳ ಆದೇಶ, ಅಂದರೆ ಯಾವ ಷರತ್ತಿನ ಮೇಲೆ ಕೆಲಸ ಮಾಡಬಹುದು ಅನ್ನೋ ಅನುಮತಿ. ಅದನ್ನು ನೋಂದಣಿ ಕಚೇರಿಯಲ್ಲಿ ದಾಖಲಿಸದೆ ಗುದ್ದಲಿ ಹಾಕುವಂತಿಲ್ಲ, ಮರೆಯೋದೂ ಇದನ್ನೇ.

ಇನ್ನು ಬೇಲಿ. ಸುಮಾರು 6 ಇಂಚು ಆಳದ ಕಾಲುವೆ ತೋಡಿ ಬಟ್ಟೆಯ ಕೆಳಅಂಚನ್ನು ಹೂಳಿ ಮಣ್ಣು ದಮ್ಮಸ್ಸು ಮಾಡಬೇಕು, ಗೂಟ ಇಳಿಜಾರಿನ ಕೆಳಬದಿಗೆ. ಬರೀ ಮೇಲೆ ಮಣ್ಣು ಚೆಲ್ಲಿಬಿಟ್ಟರೆ ಕೆಸರುನೀರು ಅಡಿಯಿಂದಲೇ ನುಸುಳುತ್ತೆ. ಬೇಲಿ ಮಾತ್ರ ಫೋಟೋಗೆ ನಿಂತ ಹಾಗೆ ನೆಟ್ಟಗಿರುತ್ತೆ. ಹೂಳು ಅರ್ಧ ಎತ್ತರಕ್ಕೆ ಬರುವ ಮುಂಚೆ ತೆಗೆಸಿಬಿಡಬೇಕು, ಇಲ್ಲದಿದ್ದರೆ ಭಾರಕ್ಕೆ ಗೂಟವೇ ಬಾಗುತ್ತೆ.