ಬ್ಲಡ್ ಕ್ಯಾಂಪಿನ ದಿನ, ಫಾರಂ ಟೇಬಲ್ಲಿನ ಹಿಂದೆ ಕೂತು

ಸೆಪ್ಟೆಂಬರ್ 12, 2025, ಶುಕ್ರವಾರ ರಾತ್ರಿ

ಇವತ್ತು ಕಾಲೇಜಿನಲ್ಲಿ ರಕ್ತದಾನ ಶಿಬಿರ. ಫಾರಂ ಕೊಡುವುದು, ತುಂಬಿದ್ದನ್ನು ವಾಪಸ್ ತೆಗೆದುಕೊಂಡು ಡಾಕ್ಟರ್ ಕಡೆ ಕಳಿಸುವುದು, ಇಷ್ಟೇ ನನ್ನ ಕೆಲಸ. ಸೂಜಿ, ಚೀಲ, ಮಂಚ ಎಲ್ಲ ಬ್ಲಡ್ ಬ್ಯಾಂಕಿನವರದು. ಆದರೆ ಶಿಬಿರದಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ನೋಡಬೇಕಾದರೆ ಈ ಟೇಬಲ್ಲಿಗಿಂತ ಒಳ್ಳೆಯ ಜಾಗ ಇಲ್ಲ.

ಬಾಗಿಲ ಪಕ್ಕ ಒಂದು ಬಿಳಿ ಬೋರ್ಡು ಇಟ್ಟಿದ್ದರು. ಯಾವ ಕ್ಲಾಸಿನಿಂದ ಎಷ್ಟು ಯೂನಿಟ್ ಅಂತ ಆಗಾಗ ಬರೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಪಕ್ಕಾ ಸ್ಕೋರ್ ಬೋರ್ಡ್ ಆಗಿಬಿಟ್ಟಿತ್ತು. ಕಾರಿಡಾರಿನಲ್ಲಿ ಸುಮ್ನೆ ನಿಂತವರನ್ನೂ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದರು. "ಬಾರೋ, ಹತ್ತು ನಿಮಿಷ ಅಷ್ಟೇ." "ಸೂಜಿಗೆ ಹೆದರ್ತೀಯಾ?" "ಎಲ್ರೂ ಕೊಡ್ತಿದ್ದಾರೆ, ನಿನಗೇನೋ ರೋಗ?"

ಕೊನೆಯದು ತಮಾಷೆಗೆ ಅಂದದ್ದು. ಆದರೆ ಫಾರಂ ಕೇಳುವುದೂ ಅದನ್ನೇ ಅಲ್ವಾ? ಕಾಮಾಲೆ ಬಂದಿತ್ತಾ, ಫಿಟ್ಸ್ ಇದೆಯಾ, ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಗರ್ಭಿಣಿಯಾ, ಇತ್ತೀಚೆಗೆ ಹೊಸಬರ ಜೊತೆ ಲೈಂಗಿಕ ಸಂಬಂಧ ಆಗಿದೆಯಾ. ಇಂಥ ಪ್ರಶ್ನೆಗೆ ಸ್ವಂತ ತಾಯಿಯ ಮುಂದೆಯೂ ಯಾರೂ ಉತ್ತರ ಕೊಡುವುದಿಲ್ಲ. ಇಲ್ಲಿ ಹೆಗಲ ಮೇಲಿಂದ ಮೂರು ಜನ ಬಗ್ಗಿ ನೋಡುತ್ತಿರುವಾಗ ಟಿಕ್ ಹಾಕಬೇಕು.

ಒಬ್ಬ ಹುಡುಗನ ಪೆನ್ನು ಹಚ್ಚೆಯ ಪ್ರಶ್ನೆಗೆ ಬಂದು ನಿಂತಿತು. ಹಿಂದಿನಿಂದ ಗೆಳೆಯ, "ಎಲ್ಲದಕ್ಕೂ ಇಲ್ಲ ಅಂತ ಹಾಕು ಮಗಾ, ಲೇಟಾಗ್ತಿದೆ" ಅಂದ. ಹಾಕಿಯೇಬಿಟ್ಟ. ಅರ್ಧ ತೋಳಿನ ಅಂಚಿನಿಂದ ಹೊಸ ಹಚ್ಚೆ ಇಣುಕುತ್ತಿತ್ತು, ಸುತ್ತ ಚರ್ಮ ಇನ್ನೂ ಕೆಂಪಗಿತ್ತು. ಡಾಕ್ಟರ್ ನೋಡಿ ವಾಪಸ್ ಕಳಿಸಿದರು. ಹಚ್ಚೆಯಾದರೆ ಕೆಲವು ದೇಶಗಳಲ್ಲಿ ಮೂರ್ನಾಲ್ಕು ತಿಂಗಳು ಕಾಯಬೇಕು, ಕೆಲವು ಕಡೆ ಒಂದು ವರ್ಷ. ಸರಿ, ಹಚ್ಚೆ ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದನ್ನು ಏನು ಮಾಡೋಣ?

"ಹೇಗೂ ಟೆಸ್ಟ್ ಮಾಡ್ತಾರಲ್ಲ ಮೇಡಂ" ಅಂತ ತುಂಬಾ ಜನ ಹೇಳಿದರು. ಮಾಡುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಎಲ್ಲ ನೋಡುತ್ತಾರೆ. ಆದರೆ ಸೋಂಕು ತಗುಲಿದ ಮರುದಿನವೇ ಟೆಸ್ಟಿನಲ್ಲಿ ಸಿಗುವುದಿಲ್ಲ. ನಡುವೆ ಒಂದು ಗ್ಯಾಪ್ ಇರುತ್ತದೆ, ವಿಂಡೋ ಪೀರಿಯಡ್ ಅನ್ನುತ್ತಾರೆ. ವೈರಸ್ಸಿನ ಆರ್‌ಎನ್‌ಎ, ಡಿಎನ್‌ಎಯನ್ನೇ ಹುಡುಕುವ ನ್ಯಾಟ್ ಟೆಸ್ಟ್ ಬಂದ ಮೇಲೆ ಈ ಗ್ಯಾಪ್ ತುಂಬಾ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಆ ದಿನಗಳಲ್ಲಿ ರೋಗಿಯನ್ನು ಕಾಯುವುದು ಡೋನರ್ ಫಾರಂನಲ್ಲಿ ಬರೆಯುವ ನಿಜ ಒಂದೇ. ಒಂದು ಚೀಲ ರಕ್ತವನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬೇರೆ ಮಾಡಿ ಮೂರು ಜನಕ್ಕೆ ಕೊಡುವುದೂ ಉಂಟು. ಅಂದರೆ ಒಂದು ಸುಳ್ಳು ಟಿಕ್ ಮೂವರ ಮೈಗೆ ಹೋಗಬಹುದು.

ಎಚ್‌ಬಿ ಅಂದರೆ ಹಿಮೋಗ್ಲೋಬಿನ್ ನೋಡುವ ಜಾಗ ನನ್ನ ಪಕ್ಕದಲ್ಲೇ ಇತ್ತು. ನೀಲಿ ಮೈಲುತುತ್ತದ ದ್ರಾವಣದ ಚಿಕ್ಕ ಗಾಜಿನ ಪಾತ್ರೆ, ಅದರೊಳಗೆ ಬೆರಳಿನಿಂದ ಒಂದು ಹನಿ ರಕ್ತ ಬಿಡುತ್ತಾರೆ. ದ್ರಾವಣದ ಸಾಂದ್ರತೆಯನ್ನು 1.053ಕ್ಕೆ ಕೂರಿಸಿರುತ್ತಾರೆ. ಹನಿ ಸರಕ್ಕನೆ ತಳಕ್ಕಿಳಿದರೆ ಹಿಮೋಗ್ಲೋಬಿನ್ 100 ಮಿಲಿ ರಕ್ತಕ್ಕೆ 12.5 ಗ್ರಾಂ ದಾಟಿದೆ ಅಂತ ಲೆಕ್ಕ, ತೇಲಿದರೆ ಸಾಲದು. ಒಬ್ಬಳ ಹನಿ ಅರ್ಧದವರೆಗೆ ಇಳಿದು, ಅಲ್ಲೇ ತೂಗಾಡಿ, ನಿಧಾನಕ್ಕೆ ಮೇಲೆ ಬಂತು. ಸುತ್ತ ನಿಂತವರೆಲ್ಲ ಒಟ್ಟಿಗೆ "ಅಯ್ಯೋ" ಅಂದರು. ಪಾಪ, ಮುಖ ಸಣ್ಣಗೆ ಮಾಡಿಕೊಂಡು "ಇನ್ನೊಂದು ಬೆರಳಲ್ಲಿ ನೋಡಿ ಸಿಸ್ಟರ್" ಅಂತ ಕೇಳಿದಳು. ಸಿಸ್ಟರ್ ಒಪ್ಪಲಿಲ್ಲ, ಒಳ್ಳೆಯದೇ ಆಯಿತು. ಒಂದು ಸಲ ರಕ್ತ ಕೊಟ್ಟರೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣಾಂಶ ಹೋಗುತ್ತದೆ, ಅದು ಮತ್ತೆ ತುಂಬಿಕೊಳ್ಳಲು ತಿಂಗಳುಗಳು ಬೇಕು. ತಿಂಗಳು ತಿಂಗಳು ಮುಟ್ಟಾಗುವ ಈ ವಯಸ್ಸಿನ ಹುಡುಗಿಯರಲ್ಲಿ ಕಬ್ಬಿಣದ ದಾಸ್ತಾನು ಮೊದಲೇ ಕಡಿಮೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಗಂಡಸರಿಗೆ 12 ವಾರ, ಹೆಂಗಸರಿಗೆ 16 ವಾರ ಅಂತರ ಇರಲಿ ಅನ್ನುತ್ತದೆ.

ತೂಕದ ಮಿಷನ್ನಿನ ಹತ್ತಿರ ಇನ್ನೊಂದು ನಾಟಕ. ಒಬ್ಬ ಎರಡೂ ಜೇಬಿಗೆ ಪವರ್ ಬ್ಯಾಂಕ್, ಬೀಗದ ಕೈ, ಫೋನು ತುಂಬಿಕೊಂಡು ಹತ್ತಿದ. ನಗು ಬಂತು, ಸಿಟ್ಟೂ ಬಂತು. ರಕ್ತ ಕೊಡಲು ಕನಿಷ್ಠ 45 ಕೆಜಿ, 50 ಕೆಜಿ ಇರಬೇಕು ಅನ್ನುವ ಗೆರೆಯನ್ನು ಯಾರೋ ಸುಮ್ನೆ ಎಳೆದದ್ದಲ್ಲ. 45 ಕೆಜಿ ಇರುವವರ ಮೈಯಲ್ಲಿ ಹೆಚ್ಚುಕಡಿಮೆ 3 ಲೀಟರ್ ರಕ್ತ ಇರುತ್ತದೆ. ಅದರಲ್ಲಿ 450 ಮಿಲಿ ತೆಗೆದರೆ ಹೆಚ್ಚುಕಡಿಮೆ ಏಳರಲ್ಲಿ ಒಂದು ಪಾಲು ಹೋಯಿತು. ಚಿಕ್ಕ ವಯಸ್ಸು, ಮೊದಲ ಸಲ, ಕಡಿಮೆ ತೂಕ, ಈ ಮೂರೂ ಸೇರಿದರೆ ತಲೆಸುತ್ತಿ ಬೀಳುವ ಸಾಧ್ಯತೆ ಜಾಸ್ತಿ. ಕಾಲೇಜು ಕ್ಯಾಂಪಿಗೆ ಬರುವವರಲ್ಲಿ ತುಂಬಾ ಜನ ಇಂಥವರೇ ಅಲ್ವಾ? ಕೊಡುವ ಮೊದಲು ಅರ್ಧ ಲೀಟರ್ ನೀರು ಕುಡಿದು, ಮಲಗಿದ್ದಾಗ ತೊಡೆಯ ಸ್ನಾಯು ಬಿಗಿ ಮಾಡಿ ಸಡಿಲ ಬಿಡುತ್ತಿದ್ದರೆ ಅನುಕೂಲ. ಆದರೆ ಕೈ ಹಿಡಿದು ಎಳೆತಂದ ಹುಡುಗನಿಗೆ ಇದನ್ನೆಲ್ಲ ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಮೊದಲ ಸಲವೇ ಬಿದ್ದವರು ಮತ್ತೆ ಬರುವುದು ಕಡಿಮೆ. ಇವತ್ತು ಬೋರ್ಡಿನ ಮೇಲೆ ಒಂದು ಅಂಕಿ ಜಾಸ್ತಿ ಮಾಡಲು ಹೋಗಿ ಮುಂದೆ ಎಷ್ಟೋ ಸಲ ಕೊಡಬಹುದಾಗಿದ್ದ ಡೋನರನ್ನು ಕಳೆದುಕೊಳ್ಳುತ್ತೇವೆ.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. "ನೀನ್ಯಾಕೆ ಕೊಡಲಿಲ್ಲ?" ಅನ್ನುವ ಪ್ರಶ್ನೆ. ಕೊಡದೇ ಇರುವ ಕಾರಣ ಮಾನಸಿಕ ಕಾಯಿಲೆಯ ಮಾತ್ರೆ ಇರಬಹುದು, ಮೊನ್ನೆ ಮೊನ್ನೆ ಆದ ಗರ್ಭಪಾತ ಇರಬಹುದು, ಎಚ್‌ಐವಿ ಇರಬಹುದು. ಗೇ ಹುಡುಗನೊಬ್ಬನಿಗೆ, ಗಂಡಸರ ಜೊತೆ ಸಂಬಂಧ ಇರುವ ಗಂಡಸರನ್ನು ರಕ್ತದಾನದಿಂದ ದೂರ ಇಡುವ ತನ್ನ ದೇಶದ ನಿಯಮವೇ ಅಡ್ಡ ಇರಬಹುದು. ಬ್ರಿಟನ್ 2021ರಲ್ಲಿ, ಕೆನಡಾ 2022ರಲ್ಲಿ, ಅಮೆರಿಕ 2023ರಲ್ಲಿ ಆ ನಿಯಮ ಬದಲಿಸಿ, ಗಂಡಾಗಲಿ ಹೆಣ್ಣಾಗಲಿ ಎಲ್ಲರಿಗೂ ಒಂದೇ ಥರ ಪ್ರಶ್ನೆ ಕೇಳಲು ಶುರುಮಾಡಿದವು. ಹಳೆಯ ನಿಯಮವನ್ನೇ ಇಟ್ಟುಕೊಂಡ ದೇಶಗಳು ಈಗಲೂ ಇವೆ. ಅಂಥ ಕಡೆ ಆ ಹುಡುಗನ ಮುಂದೆ ಎರಡೇ ದಾರಿ. ಫಾರಂನಲ್ಲಿ ಸುಳ್ಳು ಬರೆಯಬೇಕು, ಇಲ್ಲ ಗೆಳೆಯರ ಮುಂದೆ ಸುಳ್ಳು ಹೇಳಬೇಕು. ಹತ್ತೊಂಬತ್ತು ವರ್ಷದವನಿಗೆ ಯಾವುದು ಸುಲಭ ಅಂತ ಬೇರೆ ಹೇಳಬೇಕಾ?

ಇದರ ಮೇಲೆ ಅಟೆಂಡೆನ್ಸ್ ಬೇರೆ. ರಕ್ತ ಕೊಟ್ಟವರಿಗೆ ಇಡೀ ದಿನದ ಹಾಜರಾತಿ ಅಂತ ಮೈಕಿನಲ್ಲಿ ಹೇಳಿಯೇಬಿಟ್ಟರು. ದುಡ್ಡಿಲ್ಲದೆ, ತಾನಾಗಿ ಒಪ್ಪಿ ಕೊಡುವ ರಕ್ತವೇ ಬೇಕು ಅಂತ ವಿಶ್ವ ಆರೋಗ್ಯ ಅಧಿವೇಶನ 1975ರಷ್ಟು ಹಿಂದೆಯೇ ನಿರ್ಣಯ ಮಾಡಿದೆ. ಯುರೋಪಿನಲ್ಲಿ ಪಾಲಿಸುವ ವ್ಯಾಖ್ಯೆ ಇನ್ನೂ ಬಿಗಿ. ಜ್ಯೂಸು, ಸಣ್ಣ ನೆನಪಿನ ಕಾಣಿಕೆ, ಬಂದುಹೋದ ಖರ್ಚು ಪರವಾಗಿಲ್ಲ. ರಕ್ತ ಕೊಡಲು, ಹೋಗಿ ಬರಲು ಬೇಕಾದ್ದಕ್ಕಿಂತ ಜಾಸ್ತಿ ರಜೆ ಕೊಟ್ಟರೆ ಅದು ಕೂಲಿ ಕೊಟ್ಟಂತೆಯೇ ಲೆಕ್ಕ. ಶಾರ್ಟೇಜ್ ಇರುವ ಹುಡುಗನಿಗೆ ಒಂದು ದಿನದ ಹಾಜರಾತಿ ಅಂದರೆ ದುಡ್ಡಿಗಿಂತ ದೊಡ್ಡದು, ಅದು ಪಾಠ ಮಾಡುವ ನಮಗೆಲ್ಲ ಗೊತ್ತು.

ಸಂಜೆ ಸ್ಟಾಫ್ ರೂಮಿನಲ್ಲಿ ಇದನ್ನೇ ಹೇಳಿದಾಗ ಸೀನಿಯರ್ ಒಬ್ಬರು, "ಒತ್ತಾಯ ಮಾಡದಿದ್ದರೆ ಒಂದು ಚೀಲವೂ ತುಂಬಲ್ಲ ಮೇಡಂ" ಅಂದರು. ಅರ್ಧ ನಿಜ. ಮೊದಲ ಸಲ ಕೊಡುವವರು ಎಷ್ಟೋ ಜನ ಗೆಳೆಯರು ಕರೆದರು ಅಂತಲೇ ಬರುತ್ತಾರೆ. ಕರೆಯಲಿ, ಬೇಡ ಅನ್ನುವವರು ಯಾರು? ಆದರೆ ಕೆಂಪು ಕಣ ಇಡಬಹುದಾದದ್ದು 35ರಿಂದ 42 ದಿನ, ಪ್ಲೇಟ್‌ಲೆಟ್ ಆದರೆ 5 ದಿನದ ಆಸುಪಾಸು. ಒಂದೇ ದಿನ ದಾಖಲೆ ಮಾಡಿ ವರ್ಷವಿಡೀ ಸುಮ್ಮನಿದ್ದರೆ ಆಸ್ಪತ್ರೆಗೆ ಏನು ಉಪಯೋಗ? ಸ್ವಲ್ಪ ಸ್ವಲ್ಪ ಜನ, ಆಗಾಗ, ಅವರಾಗೇ ಬರಬೇಕು. ಆ ಸೀನಿಯರ್ ಇದಕ್ಕೆ ಏನೂ ಹೇಳಲಿಲ್ಲ, ಟೀ ಕುಡಿದು ಎದ್ದು ಹೋದರು.

ಸೋಮವಾರ ಕಮಿಟಿ ಮೀಟಿಂಗ್ ಇದೆ. ಫಾರಂ ಟೇಬಲ್ಲನ್ನು ಬೇರೆ ಕೋಣೆಗೆ ಹಾಕಿ, ಒಬ್ಬೊಬ್ಬರನ್ನೇ ಒಳಗೆ ಬಿಡಿ ಅಂತ ಕೇಳುತ್ತೇನೆ. ಒಳಗೆ ಹೋದವರೆಲ್ಲ ಡಾಕ್ಟರನ್ನು ಕಂಡು, ಜ್ಯೂಸು ಕುಡಿದು, ಒಂದೇ ಬಾಗಿಲಿನಿಂದ ಹೊರಗೆ ಬರಲಿ. ಸ್ಟಿಕ್ಕರ್ ಕೊಡುವುದಾದರೆ ಎಲ್ಲರಿಗೂ ಕೊಡಲಿ. ಕೊಡಲ್ಲ ಅಂತ ಡಾಕ್ಟರ್ ಹತ್ತಿರ ಹೇಳಿದವರು ಹೊರಗೆ ಬಂದು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಮನೆಗೆ ಹೋದ ಮೇಲೆ ನೆನಪಾದ ವಿಷಯ ಇದ್ದರೆ ಗುಟ್ಟಾಗಿ ತಿಳಿಸಲು ಬ್ಲಡ್ ಬ್ಯಾಂಕಿನ ನಂಬರನ್ನು ಎಲ್ಲರ ಕೈಗೂ ಕೊಟ್ಟು ಕಳಿಸಬೇಕು, ಆಗ ಆ ಚೀಲವನ್ನು ಅವರು ಪಕ್ಕಕ್ಕಿಡಬಹುದು. ಬೋರ್ಡು ತೆಗೆಯಲು ಒಪ್ಪಬಹುದು. ಅಟೆಂಡೆನ್ಸ್ ವಿಷಯಕ್ಕೆ ಮಾತ್ರ ಜಗಳ ಗ್ಯಾರಂಟಿ.