ಇಜ್ಮಿರ್ ಬೀದಿಯಲ್ಲಿ ‘ಚ್’ ಅಂದರೆ ಇಲ್ಲ ಅಂತ

ಟರ್ಕಿಯ ಕಡಲತೀರದ ಊರು ಇಜ್ಮಿರ್‌ನ ಅಂಗಡಿಯವರು ‘ಇಲ್ಲ’ ಎನ್ನಲು ಬಾಯಿ ತೆರೆಯುವ ಕಷ್ಟವನ್ನೇ ತೆಗೆದುಕೊಳ್ಳುವುದಿಲ್ಲ. ಗದ್ದ ಒಂಚೂರು ಮೇಲೆತ್ತಿ, ಹುಬ್ಬು ಏರಿಸಿ, ನಾಲಿಗೆಯಲ್ಲಿ ‘ಚ್’ ಅಂದರೆ ಮುಗಿಯಿತು. ನಮ್ಮ ಕಡೆ ಆ ಸದ್ದಿಗೆ ಬೇಸರ ಅಂತಲೋ, ಅಯ್ಯೋ ಪಾಪ ಅಂತಲೋ ಅರ್ಥ. ಅಲ್ಲಿ ಸಾಮಾನು ಖಾಲಿಯಾಗಿದೆ ಅಂತಷ್ಟೇ, ಬೇಜಾರು ಮಾಡಿಕೊಳ್ಳಬೇಡಿ. ಇದರ ಉಲ್ಟಾ ತೊಂದರೆಯೂ ಇದೆ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಯಲ್ಲಿ ‘ಹೂಂ, ಕಟ್ಟಿ’ ಎಂದು ನಾವು ತಲೆ ಅತ್ತಿತ್ತ ಓಲಾಡಿಸುತ್ತೇವಲ್ಲ, ಅದು ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ತೂಗಿಟ್ಟ ಹಣ್ಣನ್ನು ವಾಪಸ್ ಬುಟ್ಟಿಗೆ ಸುರಿದುಬಿಡುತ್ತಾರೆ. ತಲೆಯನ್ನು ಒಂದು ಸಲ ನೇರ ಕೆಳಗೆ ಬಗ್ಗಿಸಿ ‘ಎವೆತ್’, ಅಂದರೆ ಹೌದು, ಅನ್ನಿ.

ಇಷ್ಟು ಕಲಿತರೆ ಉಳಿದ ಮಾತು ಅಂದುಕೊಂಡಷ್ಟು ದೂರದ್ದಲ್ಲ. ಅರಬ್ಬಿ, ಪರ್ಷಿಯನ್‌ನಿಂದ ಅವರಿಗೂ ನಮಗೂ ಬಂದ ಪದಗಳು ಬೀದಿ ತುಂಬ ಇವೆ. ಮೂಟೆ ಹೊರುವವನು ಹಮಾಲ್, ಲೆಕ್ಕದ ಪುಸ್ತಕ ದೆಫ್ತೆರ್, ಸೋಪು ಸಾಬುನ್, ದಿನಾಂಕ ತಾರಿಹ್. ಸಕ್ಕರೆಗೆ ಶೆಕೆರ್ ಅನ್ನುತ್ತಾರೆ. ಅದರ ಬೇರಂತೂ ನಮ್ಮ ಶರ್ಕರೆಯೇ. ಕೆಲವು ಪದ ಮಾತ್ರ ದಾರಿ ತಪ್ಪಿಸುತ್ತವೆ. ಮೆಯ್ದಾನ್ ಅಂದರೆ ಆಟದ ಬಯಲಲ್ಲ, ಊರ ಚೌಕ. ಪಜಾರ್ ಅಂದರೆ ಸಂತೆ, ಭಾನುವಾರವೂ ಅದೇ. ‘ಪಜಾರ್ ದಿನ ಬಾ’ ಎಂದರೆ ಯಾವುದು ಅಂತ ಕೇಳಿಕೊಳ್ಳುವುದೇ ವಾಸಿ.

ಎಲ್ಲರೂ ಮೊದಲು ಇಳಿಯುವುದು ಕೊನಾಕ್ ಮೆಯ್ದಾನಿನಲ್ಲಿ. ಮೆಟ್ರೊ, ಟ್ರಾಮ್, ದೋಣಿಕಟ್ಟೆ ಎಲ್ಲ ಅಲ್ಲೇ ಇವೆ. ನಡುವೆ 25 ಮೀಟರ್ ಎತ್ತರದ ಗಡಿಯಾರ ಗೋಪುರ: ಒಟ್ಟೊಮನ್ ಸುಲ್ತಾನ್ ಎರಡನೇ ಅಬ್ದುಲ್ ಹಮೀದ್ ಪಟ್ಟಕ್ಕೆ ಬಂದು 25 ವರ್ಷವಾದ ನೆನಪಿಗೆ 1901ರಲ್ಲಿ ಕಟ್ಟಿಸಿದ್ದು. ಚೆಂದವೇ ಇದೆ, ಆದರೆ ಐದು ನಿಮಿಷ ಸಾಕು. ಅದರ ಬುಡದ ಕಾರಂಜಿಗಳನ್ನೂ ಪಕ್ಕದ ಪುಟ್ಟ ಎಂಟುಮೂಲೆಯ ಯಾಲಿ ಮಸೀದಿಯ ಹೆಂಚುಗಳನ್ನೂ ಹತ್ತಿರ ಹೋಗಿ ನೋಡಿ. ಕಾಳು ಮಾರುವವರು ಪಾರಿವಾಳ ತೋರಿಸಿ ಕರೆದರೆ ಗದ್ದ ಮೇಲೆತ್ತಿ ‘ಚ್’ ಅನ್ನಬಹುದು, ಅಭ್ಯಾಸವಾಗುತ್ತದೆ.

ಈ ಚೌಕದಲ್ಲಿ ನಿಂತು ನೋಡಬೇಕಾದ ದಿನವೊಂದಿದೆ: ನವೆಂಬರ್ 10, ಬೆಳಿಗ್ಗೆ 9 ಗಂಟೆ 5 ನಿಮಿಷ. ಟರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್ 1938ರಲ್ಲಿ ತೀರಿಕೊಂಡ ಹೊತ್ತು ಅದು. ದೇಶದ ತುಂಬ ಸೈರನ್ ಕೂಗುತ್ತದೆ. ಬಸ್ಸು, ಕಾರು ನಡುರಸ್ತೆಯಲ್ಲೇ ನಿಲ್ಲುತ್ತವೆ. ಚಾಲಕರು ಬಾಗಿಲು ತೆರೆದು ಕೆಳಗಿಳಿದು ನೆಟ್ಟಗೆ ನಿಲ್ಲುತ್ತಾರೆ. ಗೊತ್ತಿಲ್ಲದವರು ಬೆಂಕಿಯೋ ಭೂಕಂಪವೋ ಎಂದು ಓಡುವುದುಂಟು. ಸೈರನ್ ನಿಲ್ಲುವವರೆಗೆ ಮೊಬೈಲು ಜೇಬಿಗಿಟ್ಟು ಇದ್ದ ಜಾಗದಲ್ಲೇ ನಿಂತರೆ ಸಾಕು.

ಚೌಕದ ಹಿಂದೆ ಕೆಮೆರಾಲ್ತಿ ಪೇಟೆ. ಇದರ ಮುಖ್ಯ ಬೀದಿ ಅನಾಫರ್ತಲಾರ್ ನೇರ ಹೋಗದೆ ಕುಡುಗೋಲಿನ ಹಾಗೆ ಬಾಗುತ್ತದೆ. ಹಿಂದೆ ಅಲ್ಲಿ ಒಳಬಂದರು ಇತ್ತು; ಹೂಳು ತುಂಬಿ ನೆಲವಾದರೂ ಬೀದಿ ಹಳೆಯ ದಡದ ಬಾಗನ್ನೇ ಹಿಡಿದು ಉಳಿದಿದೆ. ಇದು ತಲೆಯಲ್ಲಿದ್ದರೆ ದಾರಿ ತಪ್ಪುವುದು ಕಡಿಮೆ: ಬಾಗಿನ ಒಳಮೈಗಿರುವುದೆಲ್ಲ ಒಂದು ಕಾಲದ ನೀರು, ಸಮತಟ್ಟು; ಹೊರಮೈಗೆ ಹೋದಷ್ಟೂ ನೆಲ ಏರುತ್ತದೆ. ಗಲ್ಲಿಗಳಿಗೆ ಹೆಸರಿಗಿಂತ ನಂಬರೇ ಹೆಚ್ಚು. ನಂಬರ್ ನೆನಪಿಟ್ಟುಕೊಳ್ಳುವುದಕ್ಕಿಂತ ಕಾಲ ಕೆಳಗಿನ ಇಳಿಜಾರು ನಂಬಿ ಎನ್ನುವುದು ನನ್ನ ಲೆಕ್ಕ. ಇಳಿದರೆ ಸಮುದ್ರ.

ಪೇಟೆಯೊಳಗೆ ಹಿಸಾರ್ ಮಸೀದಿಯ ಬಳಿ 1744ರ ಕಿಜ್ಲಾರಾಸಿ ಹಾನ್ ಇದೆ, ವರ್ತಕರು ತಂಗುತ್ತಿದ್ದ ಛತ್ರ. ಈಗ ಅಂಗಡಿ, ಕಾಫಿಯಂಗಡಿ. ಇಲ್ಲಿನ ವಿಶೇಷ, ಲೋಟದಲ್ಲೇ ಬೇಯಿಸಿದ ಕಾಫಿ. ಸಾಮಾನ್ಯವಾಗಿ ಟರ್ಕಿಯವರು ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ, ಅಂದರೆ ಜೆಜ್ವೆಯಲ್ಲಿ ಕಾಯಿಸಿ ಲೋಟಕ್ಕೆ ಸುರಿಯುತ್ತಾರೆ. ಇಲ್ಲಿ ಪುಡಿ, ಸಕ್ಕರೆ, ನೀರು ಎಲ್ಲವೂ ಲೋಟಕ್ಕೆ, ಲೋಟವೇ ಬೆಂಕಿಗೆ. ಬಗ್ಗಿಸುವ ಕೆಲಸವಿಲ್ಲದ್ದರಿಂದ ನೊರೆ ಒಡೆಯದೆ ಅಂಚಿನವರೆಗೂ ಗಟ್ಟಿಯಾಗಿ ನಿಂತಿರುತ್ತದೆ. ಅಂಚು ಮಾತ್ರ ಕೆಂಡ. ಆತುರಕ್ಕೆ ತುಟಿ ಇಟ್ಟರೆ ಆ ದಿನದ ಊಟದ ರುಚಿ ಹೋಯಿತು.

ಬಾಬಾ ಬುಡನ್‌ಗಿರಿಯ ತಪ್ಪಲಿನವರಿಗೆ ಕಾಫಿ ಪಾಠ ಹೇಳುವುದು ಅಧಿಕಪ್ರಸಂಗವೇ. ಆದರೂ ಊರಿಂದ ಹೋದವರು ಮಾಡುವ ಮೂರು ತಪ್ಪು ಹೇಳಲೇಬೇಕು. ಸಕ್ಕರೆಯನ್ನು ಆಮೇಲೆ ಕೇಳುವುದು ಮೊದಲನೆಯದು. ಪುಡಿಯ ಜೊತೆಗೇ ಸಕ್ಕರೆಯೂ ಕಾಯುವುದರಿಂದ ಆರ್ಡರ್ ಕೊಡುವಾಗಲೇ ಹೇಳಬೇಕು: ಸಾದೆ (ನಮ್ಮ ಸಾದಾ!) ಎಂದರೆ ಸಕ್ಕರೆ ಇಲ್ಲ, ಒರ್ತಾ ಎಂದರೆ ಮಧ್ಯಮ, ಶೆಕೆರ್ಲಿ ಎಂದರೆ ಸಿಹಿ. ಎರಡನೆಯದು ಚಮಚ ಹಾಕಿ ಕಲಕುವುದು. ತಳದ ಗಸಿ, ಅವರ ಟೆಲ್ವೆ, ಮೇಲೆದ್ದು ಬಾಯಿಗೆ ಬರುತ್ತದೆ. ಎರಡು ಮೂರು ನಿಮಿಷ ಬಿಟ್ಟು, ಜೊತೆಗೆ ಕೊಟ್ಟ ನೀರನ್ನು ಮೊದಲು ಕುಡಿದು, ಆಮೇಲೆ ಶುರು ಮಾಡಿ. ಕೆಳಗಿನ ಕಾಲುಭಾಗ ಬಿಡಿ. ಮೂರನೆಯದು, ಊರಿಂದ ಒಯ್ದ ಫಿಲ್ಟರ್ ಪುಡಿಯನ್ನು ಜೆಜ್ವೆಗೆ ಹಾಕುವುದು. ಅದು ತರಿ, ನೊರೆ ಹಿಡಿಯುವುದಿಲ್ಲ, ತಳಕ್ಕೂ ಸರಿಯಾಗಿ ಕೂರುವುದಿಲ್ಲ. ಚಿಕೋರಿ ಇದ್ದರಂತೂ ಕಷಾಯದ ಬಣ್ಣ, ಸುಟ್ಟ ಬೆಲ್ಲದ ವಾಸನೆ. ಒಯ್ಯುವುದಾದರೆ ಊರಿನ ಪುಡಿಯಂಗಡಿಯಲ್ಲಿ ‘ಚಿಕೋರಿ ಬೇಡ, ಅರೇಬಿಕಾ ಮಾತ್ರ, ನುಣ್ಣಗೆ’ ಅಂತ ಹೇಳಿ ಬೀಸಿಸಿ. ಬೆರಳ ನಡುವೆ ಉಜ್ಜಿದರೆ ಮೈದಾದ ಹಾಗೆ ಜಾರಬೇಕು; ಚಿರೋಟಿ ರವೆಯ ಹಾಗೆ ಸಿಕ್ಕರೆ ಇನ್ನೊಂದು ಸುತ್ತು ಹಾಕಿಸಬೇಕು.

ಮನೆಯಲ್ಲಿ ಮಾಡುವ ಅಳತೆ: ಒಂದು ಪುಟ್ಟ ಲೋಟಕ್ಕೆ 6-7 ಗ್ರಾಂ ಪುಡಿ, 65-70 ಮಿಲಿ ತಣ್ಣೀರು. ಬೆಂಕಿಗಿಡುವ ಮೊದಲೇ ಕಲಕಿ, ಆಮೇಲೆ ಚಮಚ ಮುಟ್ಟಬೇಡಿ. ಉರಿ ಸಣ್ಣಗಿರಲಿ. ಅಂಚಿನಿಂದ ನೊರೆ ಒಳಕ್ಕೆ ಮುಚ್ಚುತ್ತ ಬರುವಾಗ ಇಳಿಸಿ, ಚಮಚದಲ್ಲಿ ನೊರೆ ಎತ್ತಿ ಲೋಟಕ್ಕೆ ಹಾಕಿ, ಮತ್ತೆ ಕ್ಷಣಕಾಲ ಉರಿಗಿಟ್ಟು ಸುರಿಯಿರಿ. ಕೊತಕೊತ ಕುದಿಸಿದರೆ ನೊರೆ ಸತ್ತಿತು, ಕಹಿಯೂ ಏರಿತು.

ಬೆಳಗಿನ ತಿಂಡಿಯಲ್ಲಿ ಇಜ್ಮಿರ್‌ಗೆ ಬೇರೆಯದೇ ಹೆಸರುಗಳು. ದೇಶವೆಲ್ಲ ಸಿಮಿತ್ ಅನ್ನುವ ಎಳ್ಳು ಮೆತ್ತಿದ ಬಳೆ ಬ್ರೆಡ್ ಇಲ್ಲಿ ಗೆವ್ರೆಕ್, ಅಂದರೆ ಗರಿಗರಿ. ಸುಡುವ ಮೊದಲು ದ್ರಾಕ್ಷಿ ಕಾಕಂಬಿಯಲ್ಲಿ ಅದ್ದುವುದರಿಂದ ಆ ಕಂದು ಬಣ್ಣ, ಎಳ್ಳು ಅಂಟಿಕೊಳ್ಳುವುದೂ ಅದಕ್ಕೇ. ಬೆಳಿಗ್ಗೆ ಕೊಳ್ಳಿ, ಸಂಜೆಯದು ಚಪ್ಪಲಿಯ ಅಟ್ಟೆ. ಇನ್ನೊಂದು ಬೊಯೊಜ್. 1492ರ ನಂತರ ಸ್ಪೇನ್‌ನಿಂದ ಹೊರದೂಡಲ್ಪಟ್ಟು ಬಂದ ಯೆಹೂದಿಗಳು ತಂದ ತಿಂಡಿ. ಹಿಟ್ಟಿನ ಉಂಡೆಯನ್ನು ಎಣ್ಣೆಯಲ್ಲಿ ನೆನೆಸಿ, ಕಾಗದದಷ್ಟು ತೆಳ್ಳಗೆ ಎಳೆದು, ಮಡಚಿ ಸುಡುತ್ತಾರೆ. ನಮ್ಮ ಹೋಟೆಲಿನ ಪರೋಟದವರ ಕೈಚಳಕವೇ, ಕಾವಲಿ ಬದಲು ಒಲೆಗೂಡು. ಜೊತೆಗೆ ಬೇಯಿಸಿದ ಮೊಟ್ಟೆ, ಮೆಣಸಿನ ಪುಡಿ. ಎರಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ.

ಮಲೆನಾಡಿನವರಿಗೆ ನಿಜಕ್ಕೂ ಖುಷಿಯಾಗುವ ಜಾಗ ಬಡಾವಣೆಯ ವಾರದ ಸಂತೆ. ‘ಗೆಲ್ ಅಬ್ಲಾ, ಗೆಲ್!’ ಎಂದು ಕೂಗುತ್ತಾರೆ. ಬಾರಕ್ಕಾ ಬಾ ಎಂದೇ. ಅಣ್ಣನಿಗೆ ಅಬಿ, ವಯಸ್ಸಾದ ಹೆಂಗಸರಿಗೆ ತೇಜೆ. ಹೀಗೆ ಕರೆದು ಮಾತಾಡಿಸಿದರೆ ಒಳ್ಳೆಯದನ್ನೇ ಆರಿಸಿ ಹಾಕುತ್ತಾರೆ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ದರ ಇಳಿಯುತ್ತದೆ, ಸೊಪ್ಪೂ ಬಾಡಿರುತ್ತದೆ. ಸೊಪ್ಪಿಗೆ ಬೆಳಿಗ್ಗೆಯೇ ಹೋಗಿ. ನಮ್ಮ ಕುಡಿ ತಂಬುಳಿಯವರ ಹಾಗೇ ಈ ಏಜಿಯನ್ ಕಡಲ ಸೀಮೆಯವರೂ ಬೇಲಿಸಾಲಿನ ಸೊಪ್ಪಿಗೆ ಪ್ರಾಣ ಬಿಡುವವರು. ಮುಟ್ಟಿದರೆ ಉರಿಯುವ ಇಸಿರ್ಗಾನ್ ಕಟ್ಟುಕಟ್ಟಾಗಿ ಇರುತ್ತದೆ. ಬರಿಗೈ ಹಾಕಬೇಡಿ, ಕುದಿನೀರಿಗೆ ಬಿದ್ದ ಮೇಲೆ ಅದರ ತುರಿಕೆ ಇಲ್ಲ. ಮೂಲಂಗಿ ಜಾತಿಯ ತುರ್ಪ್ ಒತು, ಸೋಂಪಿನ ವಾಸನೆಯ ಅರಾಪ್ ಸಾಚಿ ಚಳಿಗಾಲದಿಂದ ವಸಂತದವರೆಗೆ ಬರುತ್ತವೆ.

ಇವುಗಳಲ್ಲಿ ಕೈಕೊಡುವುದು ದೆನಿಜ್ ಬೋರುಲ್ಜೆಸಿ, ಉಪ್ಪುನೆಲದಲ್ಲಿ ಬೆಳೆಯುವ ಹಸಿರು ಕಡ್ಡಿ. ನೋಡಲು ಎಳೆ ಹುರುಳಿಕಾಯಿ, ಒಳಗೆ ತಂತಿಯಂಥ ನಾರು. ಕತ್ತರಿಸಬೇಡಿ, ನೀರಿಗೆ ಉಪ್ಪೂ ಹಾಕಬೇಡಿ, ಅದರಲ್ಲೇ ಬೇಕಾದಷ್ಟಿದೆ. ಬೇರಿನ ಸಮೇತ ಹತ್ತು ಹದಿನೈದು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ. ಬುಡ ಹಿಡಿದು ಎರಡು ಬೆರಳಿನಿಂದ ತುದಿಯ ಕಡೆ ಜಗ್ಗಿದರೆ ತಿರುಳು ಜಾರಿ ಬಟ್ಟಲಿಗೆ ಬೀಳುತ್ತದೆ, ನಾರು ಕೈಯಲ್ಲೇ ಉಳಿಯುತ್ತದೆ. ಹಾಗೆ ಜಾರದಿದ್ದರೆ ಇನ್ನೂ ಬೆಂದಿಲ್ಲ. ಆಲಿವ್ ಎಣ್ಣೆ, ನಿಂಬೆ, ಜಜ್ಜಿದ ಬೆಳ್ಳುಳ್ಳಿ. ಬಿಸಿ ಅನ್ನಕ್ಕೂ ನಡೆಯುತ್ತದೆ, ಅಲ್ಲಿನವರ ಮುಂದೆ ಹೇಳಬೇಡಿ.

ಕೊನಾಕ್‌ನಿಂದ ದಡದ ಪಕ್ಕದ ಮಿತಾತ್‌ಪಾಶಾ ರಸ್ತೆ ಹಿಡಿದು ಇಪ್ಪತ್ತು ನಿಮಿಷ ನಡೆದರೆ ಕರಾತಾಶ್, ಅಲ್ಲಿ ಅಸಾನ್ಸೋರ್. ಕೆಳಗಿನ ಬೀದಿಗೂ ಗುಡ್ಡದ ಮೇಲಿನ ಬೀದಿಗೂ ನಡುವೆ 155 ಮೆಟ್ಟಿಲು. ಹತ್ತಲಾರದವರಿಗೆಂದು ನೆಸಿಮ್ ಲೆವಿ ಎಂಬ ವ್ಯಾಪಾರಿ 1907ರಲ್ಲಿ ಇಟ್ಟಿಗೆಯ ಗೋಪುರ ಕಟ್ಟಿಸಿ ಲಿಫ್ಟ್ ಇರಿಸಿದ. ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ಮಂಡಿಗೆ ಅದೇ ಕ್ಷೇಮ.

ಸಂಜೆಗೆ ವಾಪುರ್, ಅಂದರೆ ದೋಣಿ. ಕೊನಾಕ್‌ನಿಂದ ಎದುರು ದಡದ ಕಾರ್ಶಿಯಾಕಾಗೆ ಸುಮಾರು 20 ನಿಮಿಷ, ಬಸ್ಸಿನ ಕಾರ್ಡೇ ನಡೆಯುತ್ತದೆ. ಬೇಸಿಗೆಯ ಮಧ್ಯಾಹ್ನದ ಮೇಲೆ ಪಶ್ಚಿಮದಿಂದ ಇಂಬಾತ್ ಎಂಬ ಕಡಲಗಾಳಿ ಬೀಸುತ್ತದೆ. ಕಾರ್ಶಿಯಾಕಾ ಉತ್ತರಕ್ಕಿರುವುದರಿಂದ ಹೋಗುವಾಗ ಸೂರ್ಯಾಸ್ತವೂ ಗಾಳಿಯೂ ಎಡಕ್ಕೆ, ಬರುವಾಗ ಬಲಕ್ಕೆ. ಟೋಪಿ ಹಾಕಿಕೊಂಡವರು ಇದನ್ನು ನೆನಪಿಟ್ಟುಕೊಂಡು ಕೂರಬೇಕು. ಗೆವ್ರೆಕ್ ಚೂರಿಗೆ ಕಡಲಹಕ್ಕಿಗಳು ಪಕ್ಕದಲ್ಲೇ ಹಾರುತ್ತವೆ. ಕೈಯಲ್ಲಿ ಹಿಡಿದು ತೋರಿಸದೆ ಮೇಲಕ್ಕೆ ಎಸೆಯಿರಿ, ಕೊಕ್ಕು ಚೂಪು.

ವಾಪಸ್ ಬಂದು ಕೊರ್ದೊನ್ ದಂಡೆಯ ಹುಲ್ಲಿನ ಮೇಲೆ ಕೂತರೆ ಸುತ್ತಲೂ ಟಕ್ ಟಕ್ ಸದ್ದು. ಎಲ್ಲರ ಕೈಯಲ್ಲೂ ಹುರಿದ ಸೂರ್ಯಕಾಂತಿ ಬೀಜ. ಬೇರೆ ಊರಿನವರು ಚೆಕಿರ್ದೆಕ್ ಅಂದರೆ ಇಜ್ಮಿರ್‌ನವರು ಚೀದೆಮ್ ಅನ್ನುತ್ತಾರೆ. ಬೀಜವನ್ನು ಉದ್ದಕ್ಕೆ ನಿಲ್ಲಿಸಿ ಮುಂದಲ್ಲಿನಲ್ಲಿ ಒತ್ತಬೇಕು, ಅಡ್ಡ ಕಡಿದರೆ ಒಳಗಿನ ಕಾಳು ಪುಡಿ. ಕೊಳ್ಳುವಾಗಲೇ ಸಿಪ್ಪೆಗೆಂದು ಇನ್ನೊಂದು ಖಾಲಿ ಪೊಟ್ಟಣ ಕೇಳಿ ಇಟ್ಟುಕೊಳ್ಳಿ.